ಹತ್ತು ಸೀರೆಗಳ ಲೋಕಸಭೆ

ಕಟ್ಟೆಪಾಳ್ಯ,
ಯಲಹಂಕ ಹೋಬಳಿ
17-2-1958, ಸೋಮವಾರ

ಯಜಮಾನರಿಗೆ ಕೃಷ್ಣಮ್ಮನ ನಮಸ್ಕಾರಗಳು.

ನಾನು, ಎಮ್ಮೆ, ನಿಮ್ಮ ಸೈಕಲ್ಲು ಮೂವರೂ ಚೆನ್ನಾಗಿದ್ದೇವೆ. ಸೈಕಲ್ಲಿಗೆ ರಹಮತುಲ್ಲಾ ಸಾಹೇಬರು ಗಾಳಿ ಹೊಡೆದುಕೊಟ್ಟು, ಅಂಗಡಿಗೆ ಬಂದವರೆಲ್ಲರ ಮುಂದೆ ನನಗೊಂದು ಸಲಾಮು ಹಾಕಿದರು. ಯಾಕೆಂಬುದು ಈ ಕಾಗದದಲ್ಲಿ ಮುಂದೆ ಬರುತ್ತದೆ.

ಬಿ.ಡಿ.ಓ. ಸಾಹೇಬರ ಕಾಗದ ಈ ವಾರ ನಿಮ್ಮ ತರಬೇತಿ ಕೇಂದ್ರಕ್ಕೆ ಬರಬಹುದು. ಬಂದಿದ್ದರೆ ಅದನ್ನು ಒಡೆಯದೆ ಪಕ್ಕಕ್ಕಿಟ್ಟು ಮೊದಲು ಇದನ್ನು ಓದಿ. ಒಡೆದುಬಿಟ್ಟಿದ್ದರೆ ಒಂದು ಲೋಟ ನೀರು ಕುಡಿದು ಆಮೇಲೆ ಓದಿ. ಅದರಲ್ಲಿರುವುದೆಲ್ಲ ನಿಜವೇ. ಆದರೆ ಕಚೇರಿಯ ಭಾಷೆಯಲ್ಲಿ ಬರೆದಾಗ ಯಾವ ಸಂಗತಿಯೂ ನಡೆದದ್ದಕ್ಕಿಂತ ಗಂಭೀರವಾಗಿ ಕಾಣುತ್ತದೆ.

ನೀವು ಹೊರಡುವ ಹಿಂದಿನ ದಿನ ಊಟಕ್ಕೆ ಕುಳಿತಾಗ ಹೇಳಿದ್ದು ನನಗೆ ನೆನಪಿದೆ. ದೆಹಲಿಯ ಲೋಕಸಭೆಯಲ್ಲಿ ಐನೂರಕ್ಕೆ ತುಸು ಕಡಿಮೆ ಜನ ಕೂರುತ್ತಾರೆ, ಅದರಲ್ಲಿ ಹೆಂಗಸರು ಮೂವತ್ತೂ ಇಲ್ಲ, ದೇಶದ ತುಂಬ ಉಳುವವರಿದ್ದರೆ ಸಭೆಯ ತುಂಬ ವಕೀಲರು ಎಂದಿರಿ. ಕನ್ನಡಿಯಲ್ಲಿ ಅರ್ಧ ಮುಖ ಕಾಣದಿದ್ದರೆ ತಪ್ಪು ಮುಖದ್ದೋ ಕನ್ನಡಿಯದ್ದೋ ಎಂದು ಕೇಳಿದಿರಿ. ನಾನು ಎರಡನೆಯ ಮುದ್ದೆ ಬಡಿಸುತ್ತಿದ್ದೆ. ಪ್ರಶ್ನೆ ನನಗೆ ಕೇಳಿದಂತಿರಲಿಲ್ಲ, ಸಾರು ಹಾಕಿದೆ.

ಗ್ರಾಮಸೇವಕರ ಕೆಲಸ ನೀವು ಮಾಡಿದಷ್ಟು ಅಚ್ಚುಕಟ್ಟಾಗಿ ಈ ಹೋಬಳಿಯಲ್ಲಿ ಯಾರೂ ಮಾಡಿರಲಾರರು. ಹದಿನೈದು ದಿನ ಮನೆಮನೆ ತಿರುಗಿ ಸಮೀಕ್ಷೆ ಬರೆದಿರಿ. ಕೊನೆಗೆ ನಮ್ಮ ಜಗಲಿಯ ಮೇಲೆ ಕುಳಿತು ನಮ್ಮ ಮನೆಯ ಸಾಲನ್ನೂ ತುಂಬಿಸಿ ಫೈಲು ಕಟ್ಟಿದಿರಿ. ಊರಿನ ತದ್ರೂಪವಾಗಿ ಇಪ್ಪತ್ತು ಸ್ಥಾನಗಳ ಮಾದರಿ ಲೋಕಸಭೆಯ ಸೂಚನೆ ಬರೆದಿರಿ. ಹೆಂಗಸರು ಹತ್ತು, ಗಂಡಸರು ಹತ್ತು. ಒಟ್ಟಿನಲ್ಲಿ ಕೇರಿಯವರು ನಾಲ್ವರು, ಮುಸಲ್ಮಾನರು ಇಬ್ಬರು. ಓದು ಬಾರದವರು ಹದಿಮೂರೂವರೆ ಬಂದಿತ್ತು. ಅರ್ಧ ಮನುಷ್ಯನನ್ನು ಏನು ಮಾಡುವುದೆಂದು ಒಂದು ಸಂಜೆಯೆಲ್ಲ ಯೋಚಿಸಿ ಹದಿನಾಲ್ಕು ಮಾಡಿದಿರಿ. ಸಭೆ ಬರೀ ತೋರಿಕೆಯದಾಗಬಾರದೆಂದು, ಊರಿಗೆ ಮಂಜೂರಾಗಿರುವ ಒಂದೇ ಒಂದು ಕುಡಿಯುವ ನೀರಿನ ಬಾವಿಯನ್ನು ಎಲ್ಲಿ ತೋಡಬೇಕೆಂಬುದನ್ನು ಆ ಸಭೆಯೇ ಕೈಯೆತ್ತಿ ತೀರ್ಮಾನಿಸತಕ್ಕದ್ದು, ಅದೇ ಅಂತಿಮ ಎಂದು ಬಿ.ಡಿ.ಓ. ಸಾಹೇಬರಿಂದ ಸಹಿಯನ್ನೂ ಹಾಕಿಸಿದಿರಿ. ಆಮೇಲೆ ಎಲ್ಲವನ್ನೂ ಪಂಚಾಯಿತಿ ಛೇರ್ಮನ್ ದೊಡ್ಡಮುನಿಯಪ್ಪನವರ ಕೈಗೆ ಕೊಟ್ಟು ಬಸ್ಸು ಹತ್ತಿದಿರಿ. ನೀವು ಮಾಡಿದ ತಪ್ಪು ಇದೊಂದೇ ಎಂದು ಆಗ ಅಂದುಕೊಂಡಿದ್ದೆ.

ಬಾವಿಯ ವಿಷಯ ನಿಮಗೆ ಗೊತ್ತು. ದೊಡ್ಡಮುನಿಯಪ್ಪನವರಿಗೆ ಅದು ಮೇಲಿನ ಬೀದಿಯಲ್ಲಿ, ತಮ್ಮ ದ್ರಾಕ್ಷಿ ತೋಟದ ಬೇಲಿಯ ಪಕ್ಕದಲ್ಲಿ ಆಗಬೇಕು. ರಸ್ತೆಗೆ ಕಾಣುತ್ತದೆ, ಮಂತ್ರಿಗಳು ಹೋಗುವಾಗ ಕಣ್ಣಿಗೆ ಬೀಳುತ್ತದೆ ಎಂಬುದು ಅವರ ವಾದ. ನಿಮಗೆ ಗೊತ್ತಿಲ್ಲದಿದ್ದ ವಿಷಯವೆಂದರೆ ಕೆಳಗಿನ ಬೀದಿಯ ಹೆಂಗಸರಿಗೆ ಅದು ಹೊಂಗೆಮರದ ಹತ್ತಿರ ಬೇಕು ಎಂಬುದು. ಕೇರಿಯ ದಾರಿ ಬಂದು ಸೇರುವುದೂ ಅಲ್ಲಿಯೇ. ಮಾಘ ಕಳೆಯುತ್ತಲೇ ಇವರೆಲ್ಲ ಕೆರೆಯಂಗಳದಲ್ಲಿ ಗುಂಡಿ ತೋಡಿ, ಒರತೆ ತುಂಬುವವರೆಗೆ ಕುಳಿತು ಚಿಪ್ಪಿನಲ್ಲಿ ಮೊಗೆಯುತ್ತಾರೆ. ನಾನೂ ಮೊಗೆಯುತ್ತೇನೆ. ನೀವು ಕುಡಿಯುವ ನೀರು ಅದೇ.

ನಮ್ಮೂರಿನಲ್ಲಿ ವೇದಿಕೆ ಕಟ್ಟಿ ನಾಲ್ಕು ಜನ ಮಾತಾಡುವುದೆಂದರೆ ಅದು ನಾಟಕದ ಕಂಪನಿಯ ಕೆಲಸ. ಕಂಪನಿಗೆ ಯಜಮಾನರು ದೊಡ್ಡಮುನಿಯಪ್ಪನವರು. ಹಾರ್ಮೋನಿಯಂ ರಹಮತುಲ್ಲಾ ಸಾಹೇಬರದು, ಮಾತು ಬರೆದು ಪರದೆಯ ಹಿಂದಿನಿಂದ ಹೇಳಿಕೊಡುವುದು ಸ್ಕೂಲಿನ ವೆಂಕಟರಾಮಯ್ಯ ಮೇಷ್ಟರದು. ವೇದಿಕೆಯ ಮೇಲೆ ಹೆಂಗಸು ಬೇಕಾದರೆ ಪಿಳ್ಳಣ್ಣನಿದ್ದಾನೆ. ಇಪ್ಪತ್ತು ವರ್ಷದಿಂದ ಊರಿನ ರಾಣಿಯರೆಲ್ಲ ಅವನೇ. ಆದ್ದರಿಂದ ನಿಮ್ಮ ಸೂಚನೆಯಲ್ಲಿ ಹತ್ತು ಹೆಂಗಸರು ಎಂದು ಓದಿದಾಗ ಯಾರಿಗೂ ಯಾವ ತೊಡಕೂ ಕಾಣಲಿಲ್ಲ.

“ಅತ್ತು ಎಂಗಸ್ರು ತಾನೇ? ಕಂಪ್ನೀಲಿ ಆರ್ ಜನ ಅವ್ರೆ. ಇನ್ ನಾಕ್ ಜನಕ್ಕೆ ಮೀಸೆ ಬೋಳುಸ್ಬೇಕು, ಅಷ್ಟೇಯ,” ಎಂದರಂತೆ ದೊಡ್ಡಮುನಿಯಪ್ಪನವರು.

ಸುದ್ದಿ ಕೇಳಿ ನಾನೇ ಅವರ ಮನೆಗೆ ಹೋದೆ. ಸೂಚನೆ ಬರೆದವರ ಮನಸ್ಸಿನಲ್ಲಿದ್ದದ್ದು ದಿಟವಾದ ಹೆಂಗಸರು ಎಂದು ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮಗಳಿಗೆ ಬುದ್ಧಿ ಹೇಳುವವರ ಹಾಗೆ ಹೇಳಿದರು: “ಮರ್ಯಾದಸ್ತರ ಊರು ಕಣಮ್ಮ ಇದು. ಗಂಡಸ್ರು ಎಂಗಸ್ರಾದ್ರೆ ಯಾರೂ ಏನೂ ಅನ್ನಲ್ಲ. ಎಂಗಸ್ರೇ ಎಂಗಸ್ರಾಗಿ ಬಂದ್ರೆ ಅನ್ತಾರೆ.” ಅವರ ಹೆಂಡತಿ ಮುನಿಯಲ್ಲಮ್ಮ ಹಿತ್ತಿಲ ಬಾಗಿಲಲ್ಲಿ ರಾಗಿ ಕೇರುತ್ತಿದ್ದರು. ಮೊರ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಅಲ್ಲಿಂದ ಮುಂದೆ ಸೀರೆಗಳ ವಸೂಲಿ. ಕಂಪನಿಯ ಸೀರೆಗಳನ್ನು ಇಲಿ ಕಡಿದಿದ್ದವು. ಬಿ.ಡಿ.ಓ. ಬರುವ ಸಭೆಗೆ ಹರಿದ ಸೀರೆಯಲ್ಲಿ ಕೂರಬಾರದೆಂದು ಮನೆಗಳಿಂದ ತರಿಸಿದರು. ನಿಮ್ಮ ಪಟ್ಟಿಯಂತೆ ಕೇರಿಯಿಂದ ಎರಡು, ರಹಮತುಲ್ಲಾ ಸಾಹೇಬರ ಮನೆಯಿಂದ ಅವರ ಹೆಂಡತಿ ಜಾಹಿದಾ ಅವರದೊಂದು, ಉಳಿದ ಏಳು ಊರೊಳಗಿನವು. ನನ್ನ ಮದುವೆಯ ಕುಂಕುಮ ಬಣ್ಣದ ಸೀರೆ ಪಿಳ್ಳಣ್ಣನಿಗೆ ಹೋಯಿತು. ಅವನು ಅದನ್ನು ನನಗಿಂತ ಚೆನ್ನಾಗಿ ಉಡುತ್ತಾನೆ. ಇದನ್ನು ಬೇರೆಯವರು ನಿಮಗೆ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಮೇಷ್ಟರು ಇಪ್ಪತ್ತು ಸದಸ್ಯರಿಗೂ ಮಾತು ಬರೆದಿದ್ದರು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ದೇಶವನ್ನು ಹೊಗಳಿ, ಮಳೆಯನ್ನು ನೆನೆದು, ಕೊನೆಗೆ ಬಾವಿ ಮೇಲಿನ ಬೀದಿಯಲ್ಲಿ ಆಗಲಿ ಎಂದು ಮುಗಿಸಬೇಕು. ಎಲ್ಲ ಸರಿಯಾಗಿ ನಡೆದಿದ್ದರೆ ಒಮ್ಮತವೇ ಆಗುತ್ತಿತ್ತು. ಆದರೆ ಶುಕ್ರವಾರ ಮೇಷ್ಟರಿಗೆ ಚಳಿಜ್ವರ ಬಂತು. ಅಕ್ಷರ ತಡವರಿಸದೆ ಓದುವವರು ಊರಿನಲ್ಲಿ ಇನ್ನು ಯಾರು ಎಂದು ಹುಡುಕಿದರು. ಪರದೆಯ ಹಿಂದೆ ತಾನೇ, ಯಾರಿಗೂ ಕಾಣುವುದಿಲ್ಲವಲ್ಲ ಎಂದು ದೊಡ್ಡಮುನಿಯಪ್ಪನವರು ಮೇಷ್ಟರ ಹಾಳೆಗಳನ್ನು ನಿಮ್ಮ ಫೈಲಿಗೇ ಸೇರಿಸಿ ನನಗೆ ಕಳಿಸಿದರು. ನಿಮ್ಮ ಕಾರ್ಯಕ್ರಮ ಕೆಡಬಾರದೆಂದು ಒಪ್ಪಿಕೊಂಡೆ.

ಸಭೆ ಶನಿವಾರ ಮಧ್ಯಾಹ್ನ, ಸ್ಕೂಲಿನ ಅಂಗಳದಲ್ಲಿ. ನಾನು ಪರದೆಯ ಹಿಂದೆ ಹೋದಾಗ ಅಲ್ಲಿ ಆಗಲೇ ಒಂಬತ್ತು ಹೆಂಗಸರು ನಿಂತಿದ್ದರು, ಮುನಿಯಲ್ಲಮ್ಮನವರೂ ಸೇರಿ. ಯಾರೂ ಕರೆದಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಸೀರೆಯನ್ನು ಕಾಯಲು ಬಂದಿದ್ದಳು. ಯಾವ ಸೀರೆ ಯಾವ ಕುರ್ಚಿಯಲ್ಲಿದೆಯೋ ಸರಿಯಾಗಿ ಅದರ ಬೆನ್ನಿಗೆ ಅವಳು. ನಡುವೆ ತೆಳ್ಳಗಿನ ಪರದೆ. ಕೇರಿಯ ಮಾರಮ್ಮನ ಹಸಿರು ಸೀರೆಯನ್ನು ದೊಡ್ಡಮುನಿಯಪ್ಪನವರ ತಮ್ಮ ಉಟ್ಟಿದ್ದ. ಅವನಿಗೆ ಮೀಸೆ ತೆಗೆಸಲು ಮನಸ್ಸಾಗದೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಾಚಿದವಳ ಹಾಗೆ ಕುಳಿತಿದ್ದ. ಸೀರೆಯ ಅಂಚು ನೆಲಕ್ಕೆ ತಾಗಿದಾಗಲೆಲ್ಲ ಮಾರಮ್ಮ ಪರದೆಯ ಅಡಿಯಿಂದ ಕೈ ಹಾಕಿ ಎತ್ತಿಡುತ್ತಿದ್ದಳು.

ಬಿ.ಡಿ.ಓ. ಸಾಹೇಬರು ಜೀಪಿನಿಂದ ಇಳಿದು, ವೇದಿಕೆಯ ಎಡಗಡೆ ಸಾಲಾಗಿ ಕುಳಿತ ಹತ್ತು ಸೀರೆಗಳನ್ನು ಕಂಡು ದೂರದಿಂದಲೇ ಕೈಮುಗಿದರು. ತಮ್ಮ ಸರ್ವಿಸಿನಲ್ಲಿ ಇಷ್ಟು ಮುಂದುವರಿದ ಹಳ್ಳಿಯನ್ನು ಕಂಡಿಲ್ಲವೆಂದು ಭಾಷಣ ಆರಂಭಿಸಿದರು. ಚಪ್ಪಾಳೆಯ ಹೊತ್ತಿಗೆ ಮೂರನೆಯ ಸದಸ್ಯೆ ಸೊಂಟದಿಂದ ಬೀಡಿ ತೆಗೆದು ಹಚ್ಚಿದಳು. ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಭಾಷಣ ಮುಂದುವರಿಸದೆ ಕುಳಿತರು.

ಪ್ರಧಾನಮಂತ್ರಿ ದೊಡ್ಡಮುನಿಯಪ್ಪನವರು. ಸಭಾಪತಿ ರಹಮತುಲ್ಲಾ ಸಾಹೇಬರು. ಹಾರ್ಮೋನಿಯಂ ಹಿಡಿದು ಅವರು ಯಾವಾಗಲೂ ಪಕ್ಕದಲ್ಲೇ ಕೂರುತ್ತಾರಾದ್ದರಿಂದ ಜಾಗ ಬದಲಿಸಬೇಕಾಗಲಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಅವರ ಮತ. ಅವರು ಸೈಕಲ್ ರಿಪೇರಿ ಮಾಡುವ ಮಳಿಗೆ ದೊಡ್ಡಮುನಿಯಪ್ಪನವರದು. ಸಮ ಬಾರದಿರಲಿ ಎಂದು ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದರೆಂದು ಆಮೇಲೆ ಅವರೇ ಹೇಳಿದರು.

ಗಂಡಸು ಸದಸ್ಯರ ಮಾತುಗಳು ಮೇಷ್ಟರು ಬರೆದಂತೆಯೇ ಆದವು. ನಂತರ ಪಿಳ್ಳಣ್ಣ ಎದ್ದ. ಆ ಹೊತ್ತಿಗೆ ಗಾಳಿ ಬೀಸಿ ನನ್ನ ಕೈಯ ಹಾಳೆಗಳು ಹಾರಿದವು. ಮೇಷ್ಟರು ಅವನಿಗೆ ಬರೆದಿದ್ದು ಸಿಗಲಿಲ್ಲ. ಸಭೆ ಕಾಯುತ್ತಿತ್ತು. ಪರದೆಯ ಹಿಂದಿನಿಂದ ಏನು ಬಂದರೂ ಯೋಚಿಸದೆ ಹೇಳುವುದು ನಾಟಕದವರ ಅಭ್ಯಾಸ. ಯೋಚಿಸಿದರೆ ತಾಳ ತಪ್ಪುತ್ತದೆಂದು ಅವರಿಗೆ ಮೊದಲ ದಿನವೇ ಕಲಿಸಿರುತ್ತಾರೆ. ಆ ಗಡಿಬಿಡಿಯಲ್ಲಿ ನನ್ನ ಬಾಯಿಂದ ಒಂದೆರಡು ಮಾತು ಬಂದವು. ಪಿಳ್ಳಣ್ಣ ಅವನ್ನು ರಾಣಿಯ ದನಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿದ: ತೋಟದ ಹತ್ತಿರಕ್ಕೆ ಖಾಲಿ ಕೊಡ ಹಿಡಿದು ಏರಬೇಕು, ತುಂಬಿದ ಕೊಡ ಹೊತ್ತು ಇಳಿಯಬೇಕು. ಮಳೆಗಾಲದಲ್ಲಿ ಆ ಇಳಿಜಾರಿನಲ್ಲಿ ಕಳೆದ ವರ್ಷ ಜಾರಿ ಬಿದ್ದವರು ಆರು ಜನ, ಅವರಲ್ಲಿ ಬಸುರಿ ಒಬ್ಬಳು. ಮಂತ್ರಿಗಳು ವರ್ಷಕ್ಕೊಮ್ಮೆ ಹೋಗುತ್ತಾರೆ, ನಾವು ದಿನಕ್ಕೆ ಐದು ಸಲ ಹೋಗುತ್ತೇವೆ.

ಪರದೆಯ ಹಿಂದೆ ಒಂದು ಸಣ್ಣ ಗದ್ದಲ. ತನ್ನ ಸೀರೆಯೂ ಮಾತಾಡಬಹುದೆಂದು ಪ್ರತಿಯೊಬ್ಬಳಿಗೂ ಒಟ್ಟಿಗೇ ಹೊಳೆದಿತ್ತು.

ಮಾರಮ್ಮ ಮುಂದೆ ಬಾಗಿ ಹಸಿರು ಸೀರೆಯ ಬೆನ್ನಿಗೆ ಒಂದು ತಿವಿದಳು. ಛೇರ್ಮನ್ನರ ತಮ್ಮ ಮೀಸೆಯ ಮೇಲೆ ಸೆರಗು ಹಿಡಿದುಕೊಂಡೇ ಎದ್ದು, ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದ: “ಮೇಲಿನ್ ಬೀದೀಲಿ ತೋಡುದ್ರೆ ನಾವು ಕೇರಿಯೋರು ಅತ್ತಗ್ ನಿಂತು, ಯಾರಾದ್ರೂ ಉಯ್ದಾರೇನೋ ಅಂತ ಕಾಯ್ಬೇಕು. ಕಾದಿದ್ದೀವಿ. ಸಾಕು.” ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ತಿಳಿಯಿತು. ಅಣ್ಣನ ಕಡೆ ನೋಡಿದ. ಸೆರಗು ಜಾರಿ ಮೀಸೆ ಹೊರಬಿತ್ತು.

ಹೀಗೆ ಹತ್ತು ಸದಸ್ಯೆಯರೂ ಮಾತಾಡಿದರು. ಜಾಹಿದಾ ಅವರ ಸೀರೆ ಉಟ್ಟಿದ್ದವನು ತನಗೇ ಬಾರದ ಉರ್ದುವಿನಲ್ಲಿ ಒಂದು ವಾಕ್ಯ ಹೇಳಿದ. ಸಭಾಪತಿಗಳೊಬ್ಬರಿಗೇ ಅರ್ಥವಾಗಿ ಅವರು ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿದರು.

ಆಗ ದೊಡ್ಡಮುನಿಯಪ್ಪನವರು ಎದ್ದು, ಇದು ಲೆಕ್ಕಕ್ಕೆ ಬರುವುದಿಲ್ಲ, ಇವರು ಯಾರೂ ಹೆಂಗಸರಲ್ಲ ಎಂದು ಆಕ್ಷೇಪಣೆ ಎತ್ತಿದರು. ಬಿ.ಡಿ.ಓ. ಸಾಹೇಬರು ನಿಮ್ಮ ಸೂಚನೆಯನ್ನು ಮೊದಲಿನಿಂದ ಓದಿ, ಛೇರ್ಮನ್ನರು ಹೇಳುವುದು ಪೂರ್ತಿ ಸರಿ ಎಂದರು. ಆ ಮನುಷ್ಯರು ನಗಬಲ್ಲರೆಂದು ನನಗೆ ಗೊತ್ತಾದದ್ದು ಆಗಲೇ. ಹತ್ತು ಸ್ಥಾನ ಹೆಂಗಸರದು, ಅವರು ಬಂದು ಕುಳಿತರೆ ಮತ ತೆಗೆದುಕೊಳ್ಳೋಣ, ಇಲ್ಲವಾದರೆ ಸಭೆಯೂ ಇಲ್ಲ, ಬಾವಿ ಪಕ್ಕದ ಊರಿಗೆ ಹೋಗುತ್ತದೆ ಎಂದರು.

ಪಿಳ್ಳಣ್ಣ ಎದ್ದು ಪರದೆಯನ್ನು ಬದಿಗೆ ಸರಿಸಿದ. ರಾಣಿ ಬರುವಾಗ ಸರಿಸುತ್ತಾರಲ್ಲ, ಹಾಗೆ.

ಇನ್ನು ಮುಂದಿನದನ್ನು ನಾನು ಬಣ್ಣ ಹಚ್ಚದೆ ಬರೆಯಬೇಕು. ಮರೆಯಲ್ಲಿ ಅಷ್ಟು ಮಾತಾಡಿದವರು ಕುರ್ಚಿಯ ಮೇಲೆ ಕುಳಿತ ಕೂಡಲೇ ಕಲ್ಲಾದರು. ಎದುರಿಗೆ ಗಂಡಂದಿರು, ಮಾವಂದಿರು, ಮೈದುನರು. ಎಲ್ಲರೂ ಇವರನ್ನೇ ನೋಡುತ್ತಿದ್ದರು. ತೋಟದ ಕಡೆಗೆ ಒಂಬತ್ತು ಕೈಗಳು ಎದ್ದವು. ಕೇರಿಯ ಇಬ್ಬರು ಗಂಡಸರು ನೆಲ ನೋಡುತ್ತ ಎತ್ತಿದರು. ಹೊಂಗೆಮರದ ಕಡೆಗೆ ಎಂದಾಗ ಎದ್ದದ್ದು ಆರೇ. ಮೊದಲ ಕೈ ಯಾರದೆಂಬುದು ವರದಿಗೆ ಅಗತ್ಯವಿಲ್ಲ. ಎರಡನೆಯದು ಮಾರಮ್ಮನದು. ಸ್ವಲ್ಪ ಹೊತ್ತಿಗೆ ಜಾಹಿದಾ ಅವರದು, ಇನ್ನೊಂದು, ಮತ್ತೊಂದು. ಒಂಬತ್ತು. ರಹಮತುಲ್ಲಾ ಸಾಹೇಬರ ಹಣೆಯ ಮೇಲೆ ಬೆವರು.

ಉಳಿದವರು ಮುನಿಯಲ್ಲಮ್ಮ. ಅವರ ಕೈ ಮಡಿಲಲ್ಲೇ ಇತ್ತು. ದೊಡ್ಡಮುನಿಯಪ್ಪನವರು ಸಮಾಧಾನವಾಗಿ ಕುಳಿತಿದ್ದರು. ಮೂವತ್ತು ವರ್ಷದ ಸಂಸಾರ, ಅವರಿಗೆ ಅನುಮಾನವೇ ಇರಲಿಲ್ಲ. ಆ ಕೈ ಏಳದಿದ್ದರೆ ಸಮ. ಸಮವಾದರೆ ಸಭಾಪತಿಗಳ ಮತ. ಸಭಾಪತಿಗಳಿಗೆ ಮಳಿಗೆ ಬೇಕು. ಈ ಬೇಸಗೆಯಲ್ಲೂ ಮುಂದಿನ ಬೇಸಗೆಗಳಲ್ಲೂ ಒರತೆಯ ಪಕ್ಕ ಚಿಪ್ಪು ಹಿಡಿದು ಕೂರುವುದೋ ಬೇಡವೋ ಎಂಬುದು ಆ ಮಡಿಲಲ್ಲಿತ್ತು.

ಮುನಿಯಲ್ಲಮ್ಮ ಗಂಡನ ಕಡೆ ನೋಡದೆ, ಬಿ.ಡಿ.ಓ. ಸಾಹೇಬರ ಜೀಪಿನ ಕಡೆ ನೋಡುತ್ತ ಹೇಳಿದರು: “ತೋಟದ್ ಪಕ್ಕ ಬಾವಿ ತೋಡುದ್ರೆ ದ್ರಾಕ್ಸಿಗೆ ನೀರ್ ಸೇದೋಳು ಯಾರು? ನಾನೇ ಅಲ್ವಾ? ನಂಗೆ ಇವ್ರು ಗೊತ್ತು.” ಹೇಳಿ, ಒಲೆಯ ಮೇಲಿನ ಪಾತ್ರೆ ಇಳಿಸುವವರ ಹಾಗೆ ಯಾವ ಸಡಗರವೂ ಇಲ್ಲದೆ ಕೈ ಎತ್ತಿದರು.

ಹತ್ತು, ಒಂಬತ್ತು. ಸಭಾಪತಿಗಳು ಅಷ್ಟು ಗಟ್ಟಿಯಾಗಿ ಫಲಿತಾಂಶ ಹೇಳಿದ್ದನ್ನು ಯಲಹಂಕದವರೂ ಕೇಳಿರಬೇಕು.

ಬರುವ ಶುಕ್ರವಾರ ಹೊಂಗೆಮರದ ಹತ್ತಿರ ಗುದ್ದಲಿ ಪೂಜೆ. ಅಲ್ಲಿ ಊರೊಳಗಿನವರೂ ಕೇರಿಯವರೂ ಒಂದೇ ರಾಟೆಗೆ ಹಗ್ಗ ಹಾಕುವರೇ ಎಂಬುದನ್ನು ಸಭೆ ತೀರ್ಮಾನಿಸಲಿಲ್ಲ. ಅದನ್ನು ಯಾರೂ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ. ಮಾರಮ್ಮ ಮಾತ್ರ ನಿನ್ನೆಯಿಂದ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದಾಳೆ. ಇಪ್ಪತ್ತು ಮಾರು ಬೇಕಾಗಬಹುದು ಎಂದಳು. ದೊಡ್ಡಮುನಿಯಪ್ಪನವರು ಎರಡು ದಿನ ಮುಖ ಗಂಟಿಕ್ಕಿದ್ದರು. ಇವತ್ತು ಬೆಳಿಗ್ಗೆ ಬಸ್ ನಿಲ್ಲುವ ಜಾಗದಲ್ಲಿ ಹುಣಸಮಾರನಹಳ್ಳಿಯವರೊಬ್ಬರಿಗೆ, ಹತ್ತು ಹೆಂಗಸರನ್ನು ವೇದಿಕೆ ಹತ್ತಿಸಿದ ಮೊದಲ ಊರು ತಮ್ಮದೇ ಎಂದು ವಿವರಿಸುತ್ತಿದ್ದರು. ನಿಮ್ಮ ಮೇಲೆ ಅವರಿಗೆ ಕೋಪವಿಲ್ಲವೆಂದು ಇದರಿಂದ ತಿಳಿಯಬಹುದು.

ಪಿಳ್ಳಣ್ಣ ಸೀರೆಯನ್ನು ಮಡಿಸಿ ತಂದುಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, “ಅಕ್ಕಾ, ಇಪ್ಪತ್ ವರ್ಸ ಎಂಗಸಾಗಿದ್ದೀನಿ. ಎಂಗಸ್ರು ಏನಂತಾರೆ ಅಂತ ಮೊನ್ನೇನೇ ಗೊತ್ತಾಗಿದ್ದು,” ಎಂದ.

ನೀವು ಊಟ ಸರಿಯಾಗಿ ಮಾಡಿ. ಹಾಸ್ಟೆಲಿನ ಅನ್ನ ಒಗ್ಗದಿದ್ದರೆ ರಾಗಿ ಹುರಿಹಿಟ್ಟು ಕಳಿಸುತ್ತೇನೆ. ನಿಮ್ಮ ಕನ್ನಡಿಯಲ್ಲಿ ಊರು ಹೇಗೆ ಕಂಡಿತೆಂದು ವರದಿ ಬರೆಯುವಾಗ ನನ್ನ ಹೆಸರನ್ನು ಬಿಟ್ಟೇ ಬರೆಯಿರಿ.

ನಿಮ್ಮ ಮನೆಯವಳು,
ಕೃಷ್ಣಮ್ಮ

ತಾ.ಕ.: ಗಾಳಿ ಬೀಸಿ ಹಾಳೆಗಳು ಹಾರಿದವು ಎಂದು ಬರೆದಿದ್ದೇನೆ. ಶನಿವಾರ ಮಧ್ಯಾಹ್ನ ಹೊಂಗೆಯ ಒಂದೆಲೆಯೂ ಅಲುಗಲಿಲ್ಲ. ಮೇಷ್ಟರ ಹಾಳೆ ಮಗುಚುವಾಗ ಅದರ ಕೆಳಗೆ ನಿಮ್ಮ ಸಮೀಕ್ಷೆ ಸಿಕ್ಕಿತು. ‘ಬಾವಿ ಎಲ್ಲಿರಬೇಕು’ ಎಂಬ ಕಾಲಮಿನಲ್ಲಿ ನೂರ ನಲವತ್ತು ಹೆಂಗಸರ ಮುಂದೆಯೂ ‘ಯಜಮಾನರ ಅಭಿಪ್ರಾಯವೇ’ ಎಂದು ಬರೆದಿದ್ದೀರಿ. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ, ಎಲ್ಲ ಮನೆಗಳಲ್ಲೂ ನೀವು ಜಗಲಿಯ ಮೇಲೆ ಕುಳಿತು ಗಂಡಸರನ್ನು ಕೇಳಿದ್ದಿರಿ. ಕೊನೆಯ ಹಾಳೆಯಲ್ಲಿ ನಮ್ಮ ಮನೆ ಇತ್ತು. ನಿಮ್ಮ ಮುಂದೆ ‘ಮೇಲಿನ ಬೀದಿ’. ನನ್ನ ಮುಂದೆಯೂ ‘ಯಜಮಾನರ ಅಭಿಪ್ರಾಯವೇ’. ನಮ್ಮ ಜಗಲಿಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಅಳೆದು ನೋಡಿದ್ದೇನೆ. ಆ ಸಾಲನ್ನು ಹೊಡೆದು ‘ಹೊಂಗೆಮರದ ಹತ್ತಿರ’ ಎಂದು ತಿದ್ದಿದ್ದೇನೆ. ಶಾಯಿ ನಿಮ್ಮದೇ. ಉಳಿದ ನೂರ ಮೂವತ್ತೊಂಬತ್ತನ್ನು ನೀವು ಬಂದ ಮೇಲೆ ಕೇಳಿ ಬರೆದುಕೊಳ್ಳಿ. ಮುನಿಯಲ್ಲಮ್ಮನವರ ಮನೆಯಿಂದ ಮಾತ್ರ ಆರಂಭಿಸಬೇಡಿ, ಅಲ್ಲಿ ಛೇರ್ಮನ್ನರು ಜಗಲಿಯ ಮೇಲೇ ಕುಳಿತಿರುತ್ತಾರೆ.